ತಿಂಗಳ ಕೊನೆಯ ಐದು ದಿನಗಳು
ಮಾರಾಟ ಪ್ರತಿನಿಧಿಯ ಮೇಲಿನ ಒತ್ತಡ ಮಾಲೀಕರ ಲೆಕ್ಕಪುಸ್ತಕದಲ್ಲಿ ಎಲ್ಲೆಲ್ಲಿ ಅಡಗಿರುತ್ತದೆ?

ತುಮಕೂರಿನ ಮಂಡಿಪೇಟೆಯಲ್ಲಿ ವ್ಯಾಪಾರ ಮಾಡುವವರಿಗೆ ತಿಂಗಳು ಮುಗಿಯುತ್ತಿದೆ ಎಂದು ತಿಳಿಯಲು ಕ್ಯಾಲೆಂಡರ್ ನೋಡಬೇಕಾಗಿಲ್ಲ. ಇಪ್ಪತ್ತೈದನೆಯ ತಾರೀಖು ಕಳೆಯಿತೆಂದರೆ ಅಂಗಡಿಗೆ ಬರುವ ಕಂಪನಿ ಪ್ರತಿನಿಧಿಗಳ ನಡೆನುಡಿಯೇ ಬದಲಾಗಿರುತ್ತದೆ. ಹತ್ತನೆಯ ತಾರೀಖಿನಂದು ಕುಳಿತು ಕಾಫಿ ಕುಡಿದು, ಕೊಬ್ಬರಿ ಧಾರಣೆಯ ಬಗ್ಗೆ ಮಾತನಾಡಿ ಹೋದ ವ್ಯಕ್ತಿ ಇಪ್ಪತ್ತೆಂಟರಂದು ನಿಂತೇ ಮಾತನಾಡುತ್ತಾನೆ. ನಡುವೆ ಎರಡು ಬಾರಿ ಫೋನ್ ಬರುತ್ತದೆ. ಎರಡು ಬಾರಿಯೂ ಆತ ಹೊರಗೆ ಹೋಗಿ, "ಆಗುತ್ತೆ ಸಾರ್, ಸಂಜೆಯೊಳಗೆ ಬಿಲ್ ಆಗುತ್ತೆ" ಎಂದು ತಗ್ಗಿದ ದನಿಯಲ್ಲಿ ಹೇಳಿ ಒಳಗೆ ಬರುತ್ತಾನೆ. ಆಮೇಲೆ ಕೇಳುವ ಮಾತು ಎಲ್ಲರಿಗೂ ಪರಿಚಿತವಾದದ್ದೇ: "ಸಾವ್ಕಾರ್ರೇ, ಇನ್ನೊಂದು ಐವತ್ತು ಕೇಸ್ ಹಾಕಿಸಿಕೊಳ್ಳಿ. ಮುಂದಿನ ತಿಂಗಳು ನಾನು ನೋಡಿಕೊಳ್ಳುತ್ತೇನೆ."

ಈ ಮಾತನ್ನು ಕೇಳಿಸಿಕೊಂಡ ವಿತರಕರು ಅರ್ಧ ಗಂಟೆಯ ನಂತರ ತಮ್ಮಲ್ಲಿಯೇ ಕೆಲಸಕ್ಕಿರುವ ಸೇಲ್ಸ್‌ಮನ್‌ನನ್ನು ಕರೆದು ಇದೇ ಧಾಟಿಯಲ್ಲಿ ಮಾತನಾಡುವುದೂ ಉಂಟು. ಆ ಹುಡುಗ ದ್ವಿಚಕ್ರ ವಾಹನ ಹತ್ತಿ ಗುಬ್ಬಿಗೋ ಕುಣಿಗಲ್ಲಿಗೋ ಹೊರಡುತ್ತಾನೆ. ಅಲ್ಲಿನ ಅಂಗಡಿಯವರ ಮುಂದೆ ಆತನೂ ಹೇಳುವುದು ಅದನ್ನೇ. ಮಾರಾಟದ ಗುರಿ ಎಂಬುದು ಹೀಗೆ ಮುಂಬಯಿ ಅಥವಾ ಬೆಂಗಳೂರಿನ ಕಚೇರಿಯಲ್ಲಿ ಹುಟ್ಟಿ, ಮೆಟ್ಟಿಲು ಮೆಟ್ಟಿಲಾಗಿ ಇಳಿದು, ನಿಟ್ಟೂರಿನ ಅಥವಾ ಹುಲಿಯೂರುದುರ್ಗದ ಒಂದು ಚಿಕ್ಕ ದಿನಸಿ ಅಂಗಡಿಯ ಅಟ್ಟದ ಮೇಲೆ ಬಂದು ಕುಳಿತುಕೊಳ್ಳುತ್ತದೆ. ಪ್ರತಿ ಮೆಟ್ಟಿಲಿನಲ್ಲಿಯೂ ಒಬ್ಬ ನೌಕರನಿದ್ದಾನೆ. ಆತನ ಅನುಭವವನ್ನು ವ್ಯಾಪಾರಿ ವಲಯದಲ್ಲಿ ಸಾಮಾನ್ಯವಾಗಿ "ಅದು ಆ ಕೆಲಸದ ಸ್ವಭಾವ" ಎಂದು ತಳ್ಳಿಹಾಕಲಾಗುತ್ತದೆ. ಆದರೆ ಈ ಅನುಭವಕ್ಕೆ ಒಂದು ವೆಚ್ಚವಿದೆ. ಆ ವೆಚ್ಚವನ್ನು ಬಹುಪಾಲು ಹೊರುವವರು ಮಾಲೀಕರೇ ಆಗಿದ್ದಾರೆ.

ಕಂಪನಿಯ ಪಂಚಾಂಗ, ಊರಿನ ಪಂಚಾಂಗ

ತುಮಕೂರಿನಿಂದ ಗುಬ್ಬಿ ಸುಮಾರು 20 ಕಿಲೋಮೀಟರ್, ಕುಣಿಗಲ್ ಸುಮಾರು 35 ಕಿಲೋಮೀಟರ್. ತುಮಕೂರನ್ನು ಹೆಡ್‌ಕ್ವಾರ್ಟರ್ಸ್ ಮಾಡಿಕೊಂಡಿರುವ ಔಷಧ ಕಂಪನಿಯ ಪ್ರತಿನಿಧಿಗೆ ಈ ಎರಡೂ ಊರುಗಳು ಸಾಮಾನ್ಯವಾಗಿ ಎಕ್ಸ್-ಸ್ಟೇಷನ್ ಎನಿಸಿಕೊಳ್ಳುತ್ತವೆ. ಅಂದರೆ ಬೆಳಿಗ್ಗೆ ಹೋಗಿ ರಾತ್ರಿ ಮನೆಗೆ ಮರಳಬೇಕು. ತಂಗುವ ಭತ್ಯೆ ಇರುವುದಿಲ್ಲ. ಸಾಬೂನು, ಬಿಸ್ಕತ್ತು, ಬಣ್ಣ, ಬಿಡಿಭಾಗಗಳನ್ನು ಮಾರುವ ವಿತರಕರ ಸೇಲ್ಸ್‌ಮನ್‌ಗಳಿಗೆ ಇವು ವಾರದ ನಿಗದಿತ ದಿನದ ಬೀಟ್. ನಕ್ಷೆಯ ಮೇಲೆ ಎರಡೂ ಸಣ್ಣ ದೂರವೇ. ಆದರೆ ಗುಬ್ಬಿಯಿಂದ ಚೇಳೂರು, ಹಾಗಲವಾಡಿ, ಕುಣಿಗಲ್ಲಿನಿಂದ ಅಮೃತೂರು, ಯಡಿಯೂರು ಎಂದು ಒಳಗಿನ ಊರುಗಳನ್ನು ಸೇರಿಸಿಕೊಂಡರೆ ದಿನಕ್ಕೆ ನೂರು ಕಿಲೋಮೀಟರ್ ಮೀರುವುದು ವಿಶೇಷವೇನಲ್ಲ.

ದೂರಕ್ಕಿಂತ ದೊಡ್ಡ ತೊಡಕು ಕಾಲದ್ದು. ಗುಬ್ಬಿ ತಾಲ್ಲೂಕಿನ ಅಂಗಡಿಗಳಲ್ಲಿ ಹಣ ಓಡಾಡುವುದು ತೆಂಗು, ಅಡಿಕೆ ಮಾರಾಟವಾದಾಗ. ಕೊಬ್ಬರಿ ಧಾರಣೆ ಕುಸಿದ ತಿಂಗಳಿನಲ್ಲಿ ಗಿರಾಕಿ ದೊಡ್ಡ ಪೊಟ್ಟಣ ಬಿಟ್ಟು ಚಿಕ್ಕ ಸ್ಯಾಶೆ ಕೇಳುತ್ತಾನೆ. ಕುಣಿಗಲ್ ದೊಡ್ಡಕೆರೆ, ಮಾರ್ಕೋನಹಳ್ಳಿ ಜಲಾಶಯದ ಕೆಳಗಿನ ಊರುಗಳಲ್ಲಿ ನೀರು ಬಂದ ವರ್ಷದ ವ್ಯಾಪಾರವೇ ಬೇರೆ, ಬಾರದ ವರ್ಷದ್ದೇ ಬೇರೆ. ಆಷಾಢದಲ್ಲಿ ಮದುವೆಗಳಿಲ್ಲ, ಶ್ರಾವಣ ಬಂದ ಮೇಲೆ ಬೀದಿಗೆ ಕಳೆ ಬರುತ್ತದೆ. ಗುಬ್ಬಿಯ ಚನ್ನಬಸವೇಶ್ವರಸ್ವಾಮಿ ಜಾತ್ರೆಯ ವಾರದ ಮಾರಾಟವನ್ನು ಅದರ ಮುಂದಿನ ವಾರದ ಮಾರಾಟಕ್ಕೆ ಹೋಲಿಸಿದರೆ ಯಾರೂ ನಗುತ್ತಾರೆ.

ಕಂಪನಿಯ ಗುರಿಗೆ ಈ ಪಂಚಾಂಗ ತಿಳಿಯದು. ಕಳೆದ ವರ್ಷದ ಅದೇ ತಿಂಗಳಿನ ಮಾರಾಟಕ್ಕೆ ಶೇಕಡಾ ಇಷ್ಟು ಎಂದು ಸೇರಿಸಿ ಹೊಸ ಗುರಿಯನ್ನು ಗೊತ್ತುಪಡಿಸುವುದು ಸಾಮಾನ್ಯ ಪದ್ಧತಿ. ಹಬ್ಬ ಈ ವರ್ಷ ಹದಿನೈದು ದಿನ ಮುಂದೆ ಹೋಗಿದ್ದರೂ ಗುರಿ ಮುಂದೆ ಹೋಗುವುದಿಲ್ಲ. ಇದಕ್ಕಿಂತ ಸೂಕ್ಷ್ಮವಾದ ಇನ್ನೊಂದು ಸಂಗತಿಯನ್ನು ಹಿರಿಯ ವಿತರಕರು ಮಾತ್ರ ಗಮನಿಸಿರುತ್ತಾರೆ. ಕಳೆದ ಮಾರ್ಚ್‌ನಲ್ಲಿ ಗುರಿ ಮುಟ್ಟಿಸಲೆಂದು ಬಲವಂತವಾಗಿ ತುಂಬಿಸಿದ ಮಾಲು ಕೂಡ ಕಳೆದ ಮಾರ್ಚ್‌ನ ಮಾರಾಟವೆಂದೇ ದಾಖಲಾಗಿರುತ್ತದೆ. ಈ ವರ್ಷದ ಏರಿಕೆಯನ್ನು ಲೆಕ್ಕ ಹಾಕುವುದು ಅದರ ಮೇಲೆ. ಹೀಗೆ ಒಂದು ವರ್ಷದ ಸುಳ್ಳು ಮರುವರ್ಷದ ಗುರಿಗೆ ಅಡಿಪಾಯವಾಗುತ್ತದೆ. ಆ ಸುಳ್ಳನ್ನು ಬರೆಸಿದ ಮ್ಯಾನೇಜರ್ ಅಷ್ಟರಲ್ಲಿ ಬಡ್ತಿ ಪಡೆದು ಬೇರೆ ಜಿಲ್ಲೆಗೆ ಹೋಗಿರುತ್ತಾರೆ; ಹೊಸ ಗುರಿ ಹೊಸ ಹುಡುಗನ ಪಾಲಿಗೆ ಉಳಿಯುತ್ತದೆ.

ವಿತರಕರಿಗೆ ಕಂಪನಿ ಬಿಲ್ ಮಾಡುವುದು ಪ್ರೈಮರಿ, ವಿತರಕರು ಅಂಗಡಿಗಳಿಗೆ ಬಿಲ್ ಮಾಡುವುದು ಸೆಕೆಂಡರಿ. ಗಿರಾಕಿ ಹಣ ಕೊಟ್ಟು ಕೊಳ್ಳುವ ಮೂರನೆಯ ಮಾರಾಟವೇ ನಿಜವಾದದ್ದು. ದುರ್ದೈವವೆಂದರೆ ಪ್ರತಿನಿಧಿಯ ಇನ್ಸೆಂಟಿವ್ ನಿಂತಿರುವುದು ಮೊದಲ ಎರಡರ ಮೇಲೆ.

ರಿವ್ಯೂ ಮೀಟಿಂಗ್‌ನ ಒಂದು ಬೆಳಿಗ್ಗೆ

ಮಾರಾಟದ ಕೆಲಸದಲ್ಲಿ ಒತ್ತಡ ಇರಲೇಬೇಕೆಂಬ ವಾದವನ್ನು ಪೂರ್ತಿಯಾಗಿ ತಳ್ಳಿಹಾಕುವಂತಿಲ್ಲ. ಗುರಿಯೇ ಇಲ್ಲದ ಸೇಲ್ಸ್‌ಮನ್ ಮೂರು ಗಂಟೆಗೆ ಮನೆ ಸೇರುತ್ತಾನೆಂಬುದು ಮಾಲೀಕರೆಲ್ಲರ ಅನುಭವ. ಚೆನ್ನಾಗಿ ಮಾರುವವನಿಗೆ ಈ ವೃತ್ತಿ ಕೊಟ್ಟಷ್ಟು ಬೇಗ ಬೆಳವಣಿಗೆಯನ್ನು ಬೇರೆ ಕೆಲಸ ಕೊಡುವುದಿಲ್ಲ. ಇಂದು ತುಮಕೂರಿನಲ್ಲಿ ಸ್ವಂತ ಏಜೆನ್ಸಿ ನಡೆಸುತ್ತಿರುವ ಅನೇಕರು ಒಂದು ಕಾಲಕ್ಕೆ ಬ್ಯಾಗ್ ಹಿಡಿದು ಬೀಟ್ ಮಾಡಿದವರೇ. ಪ್ರಶ್ನೆ ಇರುವುದು ಗುರಿಯ ಬಗ್ಗೆಯಲ್ಲ, ಗುರಿ ತಪ್ಪಿದವನನ್ನು ನಡೆಸಿಕೊಳ್ಳುವ ರೀತಿಯ ಬಗ್ಗೆ.

ಹಿಂದೆ ತಿಂಗಳಿಗೊಮ್ಮೆ ಹೋಟೆಲಿನ ಹಾಲ್‌ನಲ್ಲಿ ನಡೆಯುತ್ತಿದ್ದ ರಿವ್ಯೂ ಈಗ ಪ್ರತಿದಿನ ಬೆಳಿಗ್ಗೆ, ಸಂಜೆ ಫೋನಿನಲ್ಲಿ ನಡೆಯುತ್ತದೆ. ವಾಟ್ಸಾಪ್ ಗುಂಪಿನಲ್ಲಿ ಹೆಸರುಗಳ ಪಟ್ಟಿ ಬರುತ್ತದೆ. ಮೇಲಿರುವವರು ಹಸಿರು ಬಣ್ಣದಲ್ಲಿ, ಕೆಳಗಿರುವವರು ಕೆಂಪು ಬಣ್ಣದಲ್ಲಿ. ಕೆಂಪು ಬಣ್ಣದವರು ಕಾರಣ ಬರೆಯಬೇಕು. ಕಾರಣ ಬರೆದರೆ "ನೆಪ ಬೇಡ, ನಂಬರ್ ಹೇಳು" ಎಂಬ ಉತ್ತರ ಬರುತ್ತದೆ. ಐವತ್ತು ಮಂದಿಯ ಮುಂದೆ ಏಕವಚನದಲ್ಲಿ ಬೈಸಿಕೊಂಡು, ಹತ್ತು ನಿಮಿಷದ ನಂತರ ಅಂಗಡಿಯೊಳಗೆ ನಗುಮುಖದಿಂದ "ನಮಸ್ಕಾರ ಅಣ್ಣಾ" ಎನ್ನುವುದು ಈ ಕೆಲಸದ ಅಲಿಖಿತ ಷರತ್ತು. ವಾಹನ ಎಲ್ಲಿ ನಿಂತಿತು, ಅಂಗಡಿಯಲ್ಲಿ ಎಷ್ಟು ನಿಮಿಷ ಕಳೆದ ಎಂಬುದನ್ನು ಫೋನಿನ ಆ್ಯಪ್ ದಾಖಲಿಸುತ್ತದೆ. ಆತ ಇಪ್ಪತ್ತು ನಿಮಿಷ ನಿಂತದ್ದು ಬೇವಿನ ಮರದ ಕೆಳಗೆ ಊಟದ ಡಬ್ಬಿ ಬಿಚ್ಚಿ ಎಂಬುದು ಆ್ಯಪ್‌ಗೆ ತಿಳಿಯದು.

ಔಷಧ ಪ್ರತಿನಿಧಿಯ ಪಾಡು ಇನ್ನೊಂದು ಬಗೆಯದು. ವೈದ್ಯರ ಕೊಠಡಿಯ ಹೊರಗೆ ರೋಗಿಗಳೆಲ್ಲ ಮುಗಿಯುವವರೆಗೆ ನಿಂತು, ಒಳಗೆ ಸಿಗುವ ಎರಡು ನಿಮಿಷಗಳಲ್ಲಿ ನಾಲ್ಕು ಔಷಧಗಳ ಹೆಸರು ಹೇಳಿ ಬರಬೇಕು. ಎಷ್ಟು ವೈದ್ಯರನ್ನು, ಎಷ್ಟು ಅಂಗಡಿಗಳನ್ನು ಭೇಟಿ ಮಾಡಿದ ಎಂಬ ದೈನಿಕ ವರದಿ ರಾತ್ರಿಯೊಳಗೆ ಹೋಗಬೇಕು. 2024ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ ಔಷಧ ಮಾರಾಟ ಪದ್ಧತಿಗಳ ಏಕರೂಪ ಸಂಹಿತೆಯನ್ನು ಹೊರಡಿಸಿ ವೈದ್ಯರಿಗೆ ಉಡುಗೊರೆ ನೀಡುವುದನ್ನು ನಿಷೇಧಿಸಿತು. ಇಂತಹ ಕೊಡುಗೆಗಳ ವೆಚ್ಚವನ್ನು ಆದಾಯ ತೆರಿಗೆಯಲ್ಲಿ ಕಳೆಯುವಂತಿಲ್ಲವೆಂದು ಸರ್ವೋಚ್ಚ ನ್ಯಾಯಾಲಯ 2022ರ ಫೆಬ್ರವರಿಯಲ್ಲಿಯೇ ಅಪೆಕ್ಸ್ ಲ್ಯಾಬೊರೇಟರೀಸ್ ಪ್ರಕರಣದಲ್ಲಿ ತೀರ್ಪು ನೀಡಿತ್ತು. ಎರಡೂ ಸ್ವಾಗತಾರ್ಹವೇ. ಆದರೆ ಕೊಡುವುದನ್ನು ನಿಲ್ಲಿಸಿ ಗುರಿಯನ್ನು ಮಾತ್ರ ಹಾಗೆಯೇ ಇರಿಸಿದರೆ, ನಡುವಿನ ಅಂತರವನ್ನು ತುಂಬಬೇಕಾದವನು ಬ್ಯಾಗ್ ಹಿಡಿದವನು.

ರಜೆಯ ವಿಷಯವನ್ನು ಇಲ್ಲಿಯೇ ಹೇಳಬೇಕು. ತಿಂಗಳ ಕೊನೆಯ ಐದು ದಿನ ರಜೆ ಕೇಳುವಂತಿಲ್ಲವೆಂಬುದು ಬರೆದಿರದ ನಿಯಮ. ಮನೆಯಲ್ಲಿ ಗೃಹಪ್ರವೇಶವಿರಲಿ, ಮಗುವಿಗೆ ಜ್ವರವಿರಲಿ, ಇಪ್ಪತ್ತೆಂಟನೆಯ ತಾರೀಖಾದರೆ ಆತ ಕುಣಿಗಲ್ ರಸ್ತೆಯ ಮೇಲೆಯೇ ಇರುತ್ತಾನೆ.

ಜೇಬಿನಿಂದ ಹೋಗುವ ಹಣ

ಗುರಿಗೆ ಒಂದಿಷ್ಟು ಕೊರತೆ ಬಿದ್ದಾಗ ಪ್ರತಿನಿಧಿಗೆ ಉಳಿಯುವ ದಾರಿಗಳು ಕೆಲವೇ. ಮೊದಲನೆಯದು ಗುರುತಿನ ಅಂಗಡಿಯವರ ಹೆಸರಿಗೆ ಅವರು ಕೇಳದ ಮಾಲನ್ನು ಬಿಲ್ ಮಾಡಿಸಿ, ಮುಂದಿನ ತಿಂಗಳು ಹಿಂದಕ್ಕೆ ತರುವುದು. ಎರಡನೆಯದು ಕಂಪನಿ ಮಂಜೂರು ಮಾಡದ ಸ್ಕೀಂ ಅನ್ನು ಬಾಯಿಮಾತಿನಲ್ಲಿ ಒಪ್ಪಿಕೊಳ್ಳುವುದು: "ಹತ್ತಕ್ಕೆ ಒಂದು ಫ್ರೀ ಬರುತ್ತೆ, ಈಗ ಬಿಲ್‌ನಲ್ಲಿ ಇಲ್ಲ, ಆಮೇಲೆ ಕೊಡುತ್ತೇನೆ." ಆ ಒಂದು ಕಂಪನಿಯಿಂದ ಬಾರದಿದ್ದರೆ ಆತನೇ ಕೊಡಬೇಕು. ಕೊಡದಿದ್ದರೆ ಆ ಅಂಗಡಿಗೆ ಮತ್ತೆ ಕಾಲಿಡುವಂತಿಲ್ಲ. ಮೂರನೆಯದು ಅಂಗಡಿಯವರು ತಡಮಾಡಿದ ಬಾಕಿಯನ್ನು ತಾತ್ಕಾಲಿಕವಾಗಿ ತಾನೇ ಕಟ್ಟುವುದು, ಅಥವಾ ಗುಬ್ಬಿಯಲ್ಲಿ ವಸೂಲಾದ ಹಣವನ್ನು ಕುಣಿಗಲ್ಲಿನ ಬಾಕಿಗೆ ಜಮಾ ತೋರಿಸುವುದು. ಈ ಮೂರನೆಯ ದಾರಿಗೆ ಬಂದವನು ಅಪರಾಧದ ಅಂಚಿಗೆ ಬಂದಿರುತ್ತಾನೆ. ಆತ ಕಳ್ಳನಾಗಬೇಕೆಂದು ಹೊರಟವನಲ್ಲ. ಒಂದು ತಿಂಗಳ ಕೊರತೆಯನ್ನು ಮುಂದಿನ ತಿಂಗಳಿಗೆ ದೂಡಲು ಹೊರಟವನು.

ಲೆಕ್ಕಪರಿಶೋಧನೆಯ ಕಾಲದಲ್ಲಿ ಅಂಗಡಿಗಳಿಂದ ಬಾಕಿ ದೃಢೀಕರಣ ಪತ್ರ ತರಿಸಿದಾಗ ಇವು ಹೊರಬೀಳುತ್ತವೆ. ವಿತರಕರ ಲೆಡ್ಜರ್‌ನಲ್ಲಿ 42,000 ರೂ. ಬಾಕಿ ಇದ್ದರೆ ಅಂಗಡಿಯವರ ಚೀಟಿಯಲ್ಲಿ 27,000 ಇರುತ್ತದೆ. ವ್ಯತ್ಯಾಸದಲ್ಲಿ ಸ್ವಲ್ಪ ಕೊಡದ ಸ್ಕೀಂ, ಸ್ವಲ್ಪ ಕೇಳದ ಮಾಲು, ಸ್ವಲ್ಪ ಜಮಾ ಆಗದ ನಗದು. ಆ ಹೊತ್ತಿಗೆ ಸೇಲ್ಸ್‌ಮನ್ ಕೆಲಸ ಬಿಟ್ಟು ಮೂರು ತಿಂಗಳಾಗಿರುತ್ತದೆ.

ಒಂದು ಲೆಕ್ಕ

ಒತ್ತಡದ ವೆಚ್ಚ ಎಷ್ಟೆಂಬುದನ್ನು ಒಂದು ಊಹಿತ ಉದಾಹರಣೆಯಿಂದ ನೋಡಬಹುದು. ಒಬ್ಬ ವಿತರಕರ ತಿಂಗಳ ಗುರಿ 20 ಲಕ್ಷ ರೂ. ಎಂದಿರಲಿ. ಇಪ್ಪತ್ತೈದನೆಯ ತಾರೀಖಿನವರೆಗೆ 16.5 ಲಕ್ಷ ಆಗಿದೆ. ಕಂಪನಿ ಪ್ರತಿನಿಧಿಯ ಒತ್ತಾಯಕ್ಕೆ ಅವರು ಉಳಿದ 3.5 ಲಕ್ಷದ ಮಾಲನ್ನು ಒಮ್ಮೆಗೇ ತೆಗೆದುಕೊಳ್ಳುತ್ತಾರೆ. ಹಣ ಬ್ಯಾಂಕಿನ ಓವರ್‌ಡ್ರಾಫ್ಟ್‌ನಿಂದ, ಬಡ್ಡಿ ಶೇ. 11, ಮಾಲು ಕರಗಲು 45 ದಿನ. ಬಡ್ಡಿ ಸುಮಾರು 4,750 ರೂ.

ಗೋದಾಮಿನಲ್ಲಿ ರಾಶಿ ಬಿದ್ದ ಮಾಲನ್ನು ಕಂಡು ಮಾಲೀಕರು ಸೇಲ್ಸ್‌ಮನ್‌ನನ್ನು ದೂಡುತ್ತಾರೆ. ಆತ 2 ಲಕ್ಷದ ಮಾಲನ್ನು ಗುಬ್ಬಿ, ಕುಣಿಗಲ್ ಅಂಗಡಿಗಳಿಗೆ ಶೇ. 3ರ ಹೆಚ್ಚುವರಿ ರಿಯಾಯಿತಿಯ ಮೇಲೆ ತುಂಬಿಸುತ್ತಾನೆ. ಅದು 6,000 ರೂ. ಮುಂದಿನ ತಿಂಗಳು ಅದರಲ್ಲಿ 60,000 ರೂ. ಮಾಲು ವಾಪಸು ಬರುತ್ತದೆ. ವಾಪಸಾದದ್ದರಲ್ಲಿ ಹರಿದ ಪೊಟ್ಟಣ, ಅವಧಿ ಸಮೀಪಿಸಿದ ಸರಕು ಎಂದು ಕಂಪನಿ ಕ್ಲೇಮ್ ತಿರಸ್ಕರಿಸಿದ್ದು 8,000 ರೂ. ಹೋಗಿಬರುವ ಗಾಡಿ ಖರ್ಚು 2,500 ರೂ. ಎಲ್ಲ ಸೇರಿ 21,250 ರೂ.

ಇದಕ್ಕೆ ಎದುರಾಗಿ ವಿತರಕರು ಎರಡು ಲಾಭಗಳನ್ನು ತೋರಿಸುತ್ತಾರೆ. ಒಂದು, ವಾಪಸು ಕಳೆದು ಉಳಿದ 2.9 ಲಕ್ಷದ ಮೇಲೆ ಶೇ. 5ರಂತೆ 14,500 ರೂ. ಮಾರ್ಜಿನ್. ಇನ್ನೊಂದು, ಗುರಿ ಮುಟ್ಟಿದ್ದಕ್ಕೆ ಕಂಪನಿ ಕೊಡುವ ಶೇ. 1, ಅಂದರೆ 20,000 ರೂ. ಮೇಲ್ನೋಟಕ್ಕೆ ಇದು ಲಾಭದ ವ್ಯವಹಾರವೇ. ಆದರೆ ಆ 2.9 ಲಕ್ಷದ ಮಾಲು ಅಂಗಡಿಗಳಿಗೆ ಬೇಕಾದ ಮಾಲೇ ಆಗಿತ್ತು. ಒತ್ತಾಯ ಇಲ್ಲದಿದ್ದರೂ ಮುಂದಿನ ತಿಂಗಳು ಹೇಗೂ ಹೋಗುತ್ತಿತ್ತು. ಆದ್ದರಿಂದ 14,500 ರೂ. ಒತ್ತಡದ ಫಲವಲ್ಲ. ಇನ್ನು ಆ 20,000 ರೂ.: ಅಂಗಡಿಗಳ ಅಟ್ಟ ತುಂಬಿರುವುದರಿಂದ ಮುಂದಿನ ತಿಂಗಳ ಗುರಿ ಇನ್ನೂ ದೂರ ಸರಿಯುತ್ತದೆ. ಆ ತಿಂಗಳ ಇನ್ಸೆಂಟಿವ್ ತಪ್ಪುತ್ತದೆ, ಇಲ್ಲವೇ ಇನ್ನೂ ದೊಡ್ಡ ರಾಶಿಯನ್ನು ಹೊರಬೇಕಾಗುತ್ತದೆ. ಈ ತಿಂಗಳು ಬಂದದ್ದು ಮುಂದಿನ ತಿಂಗಳಿನಿಂದ ಪಡೆದ ಕೈಗಡ. ನಿಜವಾಗಿ ಹೆಚ್ಚುವರಿಯಾಗಿ ಆದದ್ದು 21,250 ರೂ. ಖರ್ಚು ಮಾತ್ರ.

ವರ್ಷಾಂತ್ಯದ ಲಾಭ ನಷ್ಟದ ತಃಖ್ತೆಯಲ್ಲಿ ಈ ಮೊತ್ತವನ್ನು ಹುಡುಕಿದರೆ ಸಿಗುವುದಿಲ್ಲ. ಬಡ್ಡಿ ಬ್ಯಾಂಕ್ ಖರ್ಚಿನಲ್ಲಿ ಸೇರಿರುತ್ತದೆ. ರಿಯಾಯಿತಿ ಡಿಸ್ಕೌಂಟ್ ಖಾತೆಯಲ್ಲಿ. ಹಾಳಾದ ಮಾಲು ಅಂತಿಮ ದಾಸ್ತಾನಿನಲ್ಲಿ. ಗಾಡಿ ಖರ್ಚು ವಾಹನ ವೆಚ್ಚದಲ್ಲಿ. "ಗುರಿಯ ಒತ್ತಡ" ಎಂಬ ಹೆಸರಿನ ಖಾತೆಯನ್ನು ಯಾವ ಗುಮಾಸ್ತರೂ ತೆರೆಯುವುದಿಲ್ಲ. ಮಾರಾಟ ಏರಿತು, ಲಾಭ ಏರಲಿಲ್ಲ, ಕಾರಣ ತಿಳಿಯುತ್ತಿಲ್ಲ ಎನ್ನುವ ಸದಸ್ಯರು ಒಮ್ಮೆ ಪ್ರತಿ ತಿಂಗಳ ಮೊದಲ ಹತ್ತು ದಿನಗಳ ಕ್ರೆಡಿಟ್ ನೋಟ್‌ಗಳನ್ನು ಹಿಂದಿನ ತಿಂಗಳ ಕೊನೆಯ ಐದು ದಿನಗಳ ಬಿಲ್‌ಗಳ ಪಕ್ಕದಲ್ಲಿಟ್ಟು ನೋಡುವುದು ಒಳಿತು.

ಜಿ.ಎಸ್.ಟಿ. ಬಂದ 2017ರ ಜುಲೈ ನಂತರ ಈ ಆಟ ಇನ್ನಷ್ಟು ದುಬಾರಿಯಾಗಿದೆ. ವಾಪಸಾದ ಮಾಲಿಗೆ ಕಲಂ 34ರ ಪ್ರಕಾರ ಕ್ರೆಡಿಟ್ ನೋಟ್ ಹೊರಡಿಸಿ, ಆರ್ಥಿಕ ವರ್ಷ ಮುಗಿದ ನಂತರದ ನವೆಂಬರ್ 30ರೊಳಗೆ ರಿಟರ್ನ್‌ನಲ್ಲಿ ತೋರಿಸದಿದ್ದರೆ ಕಟ್ಟಿದ ತೆರಿಗೆಯನ್ನು ಕಡಿಮೆ ಮಾಡಿಕೊಳ್ಳಲಾಗದು. ಬಿಲ್‌ನಲ್ಲಿ ಇಲ್ಲದ, ಮೊದಲೇ ಒಪ್ಪಂದವಿಲ್ಲದ ಬಾಯಿಮಾತಿನ ಸ್ಕೀಂಗೆ ತೆರಿಗೆ ಮೌಲ್ಯದಲ್ಲಿ ಕಡಿತ ದೊರೆಯುವುದು ಕಷ್ಟ. ಅವಧಿ ಮೀರಿದ ಔಷಧಗಳ ವಾಪಸಾತಿಗೆ 2018ರ ಅಕ್ಟೋಬರ್ ಸುತ್ತೋಲೆಯಲ್ಲಿ ಪ್ರತ್ಯೇಕ ಕ್ರಮವನ್ನೇ ಹೇಳಲಾಗಿದೆ. ಹುಡುಗನ ಒಂದು ಮಾತು ಎಷ್ಟು ಕಾಗದಗಳಾಗಿ ಬೆಳೆಯುತ್ತದೆ ಎಂಬುದನ್ನು ಆತನೂ ಅರಿಯ, ಅನೇಕ ವೇಳೆ ಮಾಲೀಕರೂ ಅರಿಯರು.

ದೊಡ್ಡವರು ಬಿದ್ದ ಹಳ್ಳ

ಇದು ಸಣ್ಣ ಊರಿನ ಸಣ್ಣ ವ್ಯಾಪಾರದ ದೌರ್ಬಲ್ಯವೆಂದು ಭಾವಿಸಬೇಕಾಗಿಲ್ಲ. ಅಮೆರಿಕದ ಬ್ರಿಸ್ಟಲ್-ಮೈಯರ್ಸ್ ಸ್ಕ್ವಿಬ್ ಎಂಬ ದೊಡ್ಡ ಔಷಧ ಕಂಪನಿ ತ್ರೈಮಾಸಿಕ ಗುರಿಗಳನ್ನು ಮುಟ್ಟಿಸಲು ಸಗಟು ವ್ಯಾಪಾರಿಗಳ ಗೋದಾಮುಗಳಿಗೆ ಬೇಡಿಕೆ ಮೀರಿ ಮಾಲು ತುಂಬಿಸಿ ಅದನ್ನು ಮಾರಾಟವೆಂದು ತೋರಿಸಿತ್ತು. ಅಲ್ಲಿನ ಷೇರುಪೇಟೆ ನಿಯಂತ್ರಣ ಆಯೋಗದೊಂದಿಗಿನ ಪ್ರಕರಣವನ್ನು ಇತ್ಯರ್ಥಪಡಿಸಿಕೊಳ್ಳಲು 2004ರಲ್ಲಿ ಅದು 15 ಕೋಟಿ ಡಾಲರ್ ತೆರಬೇಕಾಯಿತು. ಮಂಡಿಪೇಟೆಯಲ್ಲಿ "ಡಂಪಿಂಗ್" ಎನ್ನುವುದಕ್ಕೆ ಅಲ್ಲಿ ಬೇರೆ ಹೆಸರಿದೆ, ಅಷ್ಟೇ.

ವೆಲ್ಸ್ ಫಾರ್ಗೊ ಬ್ಯಾಂಕಿನ ಕಥೆ ನೌಕರರ ದೃಷ್ಟಿಯಿಂದ ಇನ್ನೂ ಬೋಧಪ್ರದ. ಪ್ರತಿ ಗ್ರಾಹಕ ಕುಟುಂಬಕ್ಕೆ ಎಂಟು ಸೇವೆಗಳನ್ನು ಮಾರಬೇಕೆಂಬುದು ಅಲ್ಲಿನ ಘೋಷಣೆಯಾಗಿತ್ತು. ದಿನದ ಗುರಿ ಮುಟ್ಟದವರ ಮೇಲಿನ ಒತ್ತಡ ಎಷ್ಟಿತ್ತೆಂದರೆ, ಶಾಖೆಗಳ ಸಿಬ್ಬಂದಿ ಗ್ರಾಹಕರಿಗೆ ತಿಳಿಯದಂತೆ ಅವರ ಹೆಸರಿನಲ್ಲಿ ಲಕ್ಷಗಟ್ಟಲೆ ಖಾತೆಗಳನ್ನು ತೆರೆದರು. 2016ರ ಸೆಪ್ಟೆಂಬರ್‌ನಲ್ಲಿ 18.5 ಕೋಟಿ ಡಾಲರ್ ದಂಡ ಬಿದ್ದಾಗ, ಈ ಕಾರಣಕ್ಕಾಗಿ ಸುಮಾರು 5,300 ನೌಕರರನ್ನು ವಜಾ ಮಾಡಲಾಗಿದೆಯೆಂದು ಬ್ಯಾಂಕ್ ಹೇಳಿತು. ಐದು ಸಾವಿರ ಮಂದಿ ಒಂದೇ ಬಗೆಯ ತಪ್ಪು ಮಾಡಿದರೆಂದರೆ ದೋಷ ಆ ಐದು ಸಾವಿರ ಮಂದಿಯಲ್ಲಿ ಮಾತ್ರ ಇತ್ತೇ ಎಂದು ಯಾರಿಗಾದರೂ ಅನ್ನಿಸಬೇಕು. ಕೊನೆಗೆ ಬ್ಯಾಂಕ್ ಶಾಖೆಗಳ ಮಾರಾಟ ಗುರಿಗಳನ್ನೇ ರದ್ದುಪಡಿಸಿತು. 2020ರಲ್ಲಿ ಮತ್ತೆ 300 ಕೋಟಿ ಡಾಲರ್ ಕಟ್ಟಿತು.

ನಮ್ಮ ದೇಶದಲ್ಲಿಯೂ 2023ರ ಜೂನ್‌ನಲ್ಲಿ ಕೋಲ್ಕತ್ತಾದ ಒಬ್ಬ ಬ್ಯಾಂಕ್ ಅಧಿಕಾರಿ ವಿಮಾ ಪಾಲಿಸಿಗಳನ್ನು ಸಾಕಷ್ಟು ಮಾರಲಿಲ್ಲವೆಂದು ಕೈಕೆಳಗಿನವರ ಮೇಲೆ ಆನ್‌ಲೈನ್ ಸಭೆಯಲ್ಲಿ ಕೂಗಾಡಿದ ದೃಶ್ಯ ದೇಶವಿಡೀ ಹರಡಿತು. ಬ್ಯಾಂಕ್ ಅವರನ್ನು ಅಮಾನತಿನಲ್ಲಿರಿಸಿತು. ಅದನ್ನು ನೋಡಿದ ಮಾರಾಟ ಪ್ರತಿನಿಧಿಗಳಲ್ಲಿ ಹಲವರಿಗೆ ಅಮಾನತು ಆಶ್ಚರ್ಯ ತಂದಿರಬಹುದು, ಕೂಗಾಟ ತಂದಿರಲಾರದು.

ಕಾನೂನು ಎಲ್ಲಿಗೆ ಬಂದಿದೆ?

ಮಾರಾಟ ಪ್ರತಿನಿಧಿ "ಕಾರ್ಮಿಕ"ನೇ ಅಲ್ಲವೇ ಎಂಬ ವಿವಾದಕ್ಕೆ ದೀರ್ಘ ಇತಿಹಾಸವಿದೆ. ಆರ್ಡರ್ ಹಿಡಿಯುವುದು ಕೂಲಿಯ ಕೆಲಸವೂ ಅಲ್ಲ, ಗುಮಾಸ್ತಿಕೆಯೂ ಅಲ್ಲವೆಂದು ಮೇ ಅಂಡ್ ಬೇಕರ್ ಪ್ರಕರಣದಲ್ಲಿ 1961ರಲ್ಲಿ ತೀರ್ಮಾನವಾಯಿತು. ಔಷಧ ಪ್ರತಿನಿಧಿಗಳ ಸಂಘಟನೆಗಳ ಒತ್ತಾಯದ ಫಲವಾಗಿ 1976ರಲ್ಲಿ ಮಾರಾಟ ಪ್ರವರ್ಧನ ನೌಕರರ ಸೇವಾ ಷರತ್ತುಗಳ ಕಾಯಿದೆ ಬಂದಿತು. ನೇಮಕಾತಿ ಪತ್ರ, ಕರ್ತವ್ಯದ ಅವಧಿಯ ಹನ್ನೊಂದನೇ ಒಂದು ಭಾಗದಷ್ಟು ಪೂರ್ಣ ವೇತನದ ರಜೆ, ಸೇವಾವಧಿಯ ಹದಿನೆಂಟನೇ ಒಂದು ಭಾಗದಷ್ಟು ಅರ್ಧ ವೇತನದ ವೈದ್ಯಕೀಯ ರಜೆ ಅದರಲ್ಲಿದ್ದವು. 1994ರಲ್ಲಿ ಸ್ಯಾಂಡೋಜ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯದ ಸಂವಿಧಾನ ಪೀಠ, ಕೈಗಾರಿಕಾ ವಿವಾದ ಕಾಯಿದೆಯ ಸ್ವಂತ ವ್ಯಾಖ್ಯೆಯೊಳಗೆ ಇವರು ಬರುವುದಿಲ್ಲವೆಂದಿತು. ರಕ್ಷಣೆ ಏನಿದ್ದರೂ 1976ರ ಕಾಯಿದೆಯ ಮೂಲಕವೇ ಎಂದಾಯಿತು. 2011ರಲ್ಲಿ ಕೇಂದ್ರ ಸರ್ಕಾರ ಆ ಕಾಯಿದೆಯನ್ನು ಸೌಂದರ್ಯವರ್ಧಕ ಮತ್ತು ಸಾಬೂನು, ಸಿದ್ಧ ಉಡುಪು, ತಂಪು ಪಾನೀಯ, ಬಿಸ್ಕತ್ತು, ಆಯುರ್ವೇದ ಔಷಧ, ವಾಹನ ಬಿಡಿಭಾಗ, ವಿದ್ಯುತ್ ಉಪಕರಣ, ಬಣ್ಣ ಮುಂತಾದ ಹತ್ತು ಉದ್ಯಮಗಳಿಗೆ ವಿಸ್ತರಿಸಿತು. ಅಂತರಸನಹಳ್ಳಿ, ಹಿರೇಹಳ್ಳಿಯ ಸಣ್ಣ ತಯಾರಕರಲ್ಲಿ ಎಷ್ಟು ಮಂದಿ ಇದನ್ನು ಗಮನಿಸಿದ್ದರೆಂಬುದು ಅನುಮಾನ.

2025ರ ನವೆಂಬರ್ 21ರಿಂದ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದು ಹಳೆಯ 29 ಕಾನೂನುಗಳ ಸ್ಥಾನವನ್ನು ಪಡೆದಿವೆ. ಕೈಗಾರಿಕಾ ಸಂಬಂಧಗಳ ಸಂಹಿತೆ ಮಾರಾಟ ಪ್ರವರ್ಧನ ನೌಕರರನ್ನು ಹೆಸರಿಸಿಯೇ "ಕಾರ್ಮಿಕ" ಎಂಬ ವ್ಯಾಖ್ಯೆಯಲ್ಲಿ ಸೇರಿಸಿದೆ. ಮ್ಯಾನೇಜರ್ ದರ್ಜೆಯವರೂ, ತಿಂಗಳಿಗೆ 18,000 ರೂ. ಮೀರಿದ ಮೇಲ್ವಿಚಾರಕರೂ ಇದರಿಂದ ಹೊರಗೆ. "ಏರಿಯಾ ಎಕ್ಸಿಕ್ಯೂಟಿವ್" ಎಂಬ ಪದನಾಮ ಕೊಟ್ಟ ಮಾತ್ರಕ್ಕೆ ಆತ ಮೇಲ್ವಿಚಾರಕನಾಗುವುದಿಲ್ಲ. ಆತನ ಕೈಕೆಳಗೆ ಯಾರಿದ್ದಾರೆ ಎಂಬುದೇ ಮುಖ್ಯ.

ವಿತರಕರಿಗೆ ಹೆಚ್ಚು ಹತ್ತಿರವಾದದ್ದು ವೇತನ ಸಂಹಿತೆ. ವಸೂಲಾಗದ ಬಾಕಿಯನ್ನು ಸೇಲ್ಸ್‌ಮನ್ ಸಂಬಳದಲ್ಲಿ ಹಿಡಿಯುವುದು ನಮ್ಮ ಭಾಗದಲ್ಲಿ ಹಳೆಯ ವಾಡಿಕೆ. ಸಂಹಿತೆಯ ಕಲಂ 18 ಯಾವ ಕಾರಣಗಳಿಗೆ ಕಡಿತ ಮಾಡಬಹುದೆಂದು ಪಟ್ಟಿ ಮಾಡಿದೆ. ನೌಕರನ ವಶಕ್ಕೆ ಕೊಟ್ಟ ಮಾಲು ಅಥವಾ ಆತ ಲೆಕ್ಕ ಕೊಡಬೇಕಾದ ಹಣ, ಆತನದೇ ನಿರ್ಲಕ್ಷ್ಯದಿಂದ ನಷ್ಟವಾಗಿದ್ದರೆ ಕಡಿತಕ್ಕೆ ಅವಕಾಶವಿದೆ. ಅದೂ ಆತನಿಗೆ ಸಮಜಾಯಿಷಿ ನೀಡಲು ಅವಕಾಶ ಕೊಟ್ಟ ಮೇಲೆ. ಒಟ್ಟು ಕಡಿತ ವೇತನದ ಅರ್ಧವನ್ನು ಮೀರುವಂತಿಲ್ಲ. ಅಂಗಡಿಯವರು ಮಾಲು ಪಡೆದು ಹಣ ಕೊಡದಿರುವುದನ್ನು ಸೇಲ್ಸ್‌ಮನ್‌ನ ನಿರ್ಲಕ್ಷ್ಯವೆಂದು ಸಾಧಿಸುವುದು ಸುಲಭವಲ್ಲ, ವಿಶೇಷವಾಗಿ ಅಲ್ಲಿಗೆ ಮಾಲು ತುಂಬಿಸಲು ಹೇಳಿದ ವಾಟ್ಸಾಪ್ ಸಂದೇಶ ಮಾಲೀಕರದೇ ಆಗಿದ್ದಾಗ. ಗುರಿ ತಪ್ಪಿದ್ದಕ್ಕೆ ಸಂಬಳ ಹಿಡಿಯುವ ಮಾತಂತೂ ಆ ಪಟ್ಟಿಯಲ್ಲಿಲ್ಲ. ಸಂಬಳ ಚಿಕ್ಕದಾಗಿಟ್ಟು ಕಮಿಷನ್ ದೊಡ್ಡದಾಗಿಡುವ ಪದ್ಧತಿಗೂ ಮಿತಿ ಬಂದಿದೆ: ಕಮಿಷನ್, ಭತ್ಯೆ ಮುಂತಾದವು ಒಟ್ಟು ಸಂಭಾವನೆಯ ಅರ್ಧವನ್ನು ಮೀರಿದರೆ, ಮೀರಿದ ಭಾಗವನ್ನೂ ವೇತನವೆಂದೇ ಎಣಿಸಬೇಕು.

ಅಳತೆ ಬದಲಾದರೆ

ಕಂಪನಿ ಗುರಿಯನ್ನು ಬದಲಿಸುವ ಶಕ್ತಿ ತುಮಕೂರಿನ ವಿತರಕರಿಗಿಲ್ಲ. ಆದರೆ ತಮ್ಮ ಸೇಲ್ಸ್‌ಮನ್‌ನನ್ನು ಅಳೆಯುವ ಕೋಲು ಅವರ ಕೈಯಲ್ಲಿಯೇ ಇದೆ. ಇನ್ಸೆಂಟಿವ್ ಅನ್ನು ಬಿಲ್ ಮೊತ್ತದ ಮೇಲೆ ಕೊಡದೆ, ವಾಪಸು ಕಳೆದು ವಸೂಲಾದ ಮೊತ್ತದ ಮೇಲೆ ಕೊಟ್ಟರೆ ಕೇಳದ ಮಾಲನ್ನು ತುಂಬಿಸುವ ಆಸೆಯೇ ಆತನಿಗೆ ಇರುವುದಿಲ್ಲ. ತಿಂಗಳ ಗುರಿಯನ್ನು ನಾಲ್ಕು ವಾರಗಳಿಗೆ ಹಂಚಿದರೆ ಇಪ್ಪತ್ತೈದನೆಯ ತಾರೀಖಿಗೆ ಬೆಚ್ಚಿಬೀಳುವ ಪ್ರಸಂಗ ಕಡಿಮೆಯಾಗುತ್ತದೆ. ಕೊಬ್ಬರಿ ಧಾರಣೆ, ಆಷಾಢ, ಜಾತ್ರೆಗಳನ್ನು ಕಂಡೇ ಬೀಟ್‌ವಾರು ಗುರಿ ಬರೆಯಲು ಮಾಲೀಕರಿಗಿಂತ ಬಲ್ಲವರು ಯಾರು? ಬಾಯಿಮಾತಿನ ಸ್ಕೀಂ ನಿಲ್ಲಬೇಕಾದರೆ ಒಂದು ಸ್ಕೀಂ ಪುಸ್ತಕ ಸಾಕು. ಅದರಲ್ಲಿ ಇಲ್ಲದ್ದನ್ನು ಸಂಸ್ಥೆ ಕೊಡುವುದಿಲ್ಲವೆಂದು ಅಂಗಡಿಗಳಿಗೂ ತಿಳಿಸಬೇಕು. ಹಾಗೆಯೇ ಸೇಲ್ಸ್‌ಮನ್ ಬಂದು "ಇಂಥ ಅಂಗಡಿಗೆ ಇಷ್ಟು ಮಾತು ಕೊಟ್ಟುಬಿಟ್ಟಿದ್ದೇನೆ" ಎಂದು ಒಪ್ಪಿಕೊಂಡ ದಿನ ಆತನನ್ನು ಬೈಯದಿರುವುದೂ ಈ ಪುಸ್ತಕದಷ್ಟೇ ಅಗತ್ಯ. ಒಮ್ಮೆ ಬೈಸಿಕೊಂಡವನು ಎರಡನೆಯ ಬಾರಿ ಹೇಳುವುದಿಲ್ಲ. ಲೆಡ್ಜರ್ ಹೇಳುವವರೆಗೆ ಕಾಯಬೇಕಾಗುತ್ತದೆ.

ಮಾಲೀಕರು ಮೂರು ತಿಂಗಳಿಗೊಮ್ಮೆಯಾದರೂ ಗುಬ್ಬಿ, ಕುಣಿಗಲ್ ಬೀಟ್‌ಗಳಿಗೆ ತಾವೇ ಹೋಗಿಬರುವುದು ಹಿಂದಿನ ತಲೆಮಾರಿನಲ್ಲಿ ಸಹಜವಾಗಿತ್ತು. ಗಣಕಯಂತ್ರ ಬಂದ ಮೇಲೆ ಬಾಕಿ ಪಟ್ಟಿ ಮೇಜಿನ ಮೇಲೆಯೇ ಸಿಗುವುದರಿಂದ ಈ ರೂಢಿ ತಪ್ಪಿದೆ. ಸೇಲ್ಸ್‌ಮನ್ ರಾಜೀನಾಮೆ ಕೊಟ್ಟಾಗ ಇದರ ಬೆಲೆ ತಿಳಿಯುತ್ತದೆ. ವೇತನ ಸಂಹಿತೆಯ ಕಲಂ 17ರ ಪ್ರಕಾರ ಕೆಲಸ ಬಿಟ್ಟವನಿಗೆ ಬರಬೇಕಾದ ವೇತನವನ್ನು ಎರಡು ಕೆಲಸದ ದಿನಗಳೊಳಗೆ ಪಾವತಿ ಮಾಡಬೇಕು. ಬಾಕಿ ಪರಿಶೀಲಿಸಿ ಆಮೇಲೆ ಕೊಡುತ್ತೇವೆಂದು ಎರಡು ತಿಂಗಳು ಸಂಬಳ ತಡೆಹಿಡಿಯುವ ಕಾಲ ಮುಗಿದಿದೆ. ಆದ್ದರಿಂದ ಆತ ನೋಟಿಸ್ ಅವಧಿಯಲ್ಲಿರುವಾಗಲೇ ಮಾಲೀಕರು ಇಲ್ಲವೇ ಅವರ ಮನೆಯವರೊಬ್ಬರು ಆತನನ್ನು ಜೊತೆಗೆ ಕರೆದುಕೊಂಡು ಹೋಗಿ, ಪ್ರತಿ ಅಂಗಡಿಯಲ್ಲಿಯೂ ಬಾಕಿ ಚೀಟಿಗೆ ಸಹಿ ಪಡೆದು, ಕೊಡಬೇಕೆಂದಿದ್ದ ಸ್ಕೀಂ ಏನಿದೆಯೆಂದು ಆತನ ಎದುರಿಗೇ ಕೇಳಿ ಬರೆದುಕೊಳ್ಳಬೇಕಾಗಿದೆ. ಎರಡು ಬೀಟ್‌ಗಳಿಗೆ ಅದು ಒಂದು ವಾರದ ಕೆಲಸ.